ಕೀಲುಗಳ ಉರಿಯೂತ ಹೃದಯಕ್ಕೇಕೆ ಅಪಾಯ?

ಪ್ರಶ್ನೆ: ನನಗೆ 52 ವರ್ಷ. ಬಹಳ ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಧೂಮಪಾನದ ಅಭ್ಯಾಸವಿಲ್ಲ, ಕೊಲೆಸ್ಟ್ರಾಲ್ ಕೂಡ ಕಡಿಮೆಯೇ ಇದೆ. ಆದರೂ ಹೃದಯದ ರಕ್ತನಾಳಗಳ ಬಗ್ಗೆ ಎಚ್ಚರವಾಗಿರಬೇಕೆಂದು ವೈದ್ಯರು ಹೇಳುತ್ತಾರೆ. ಏಕೆ?

ಉತ್ತರ: ನಿಮ್ಮ ವೈದ್ಯರ ಮಾತು ಸರಿ. ರುಮಟಾಯ್ಡ್ ಸಂಧಿವಾತ (ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆರಗಿ ಉರಿಯೂತ ತರುವ ಕಾಯಿಲೆ) ಇರುವವರಲ್ಲಿ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು.

ರಕ್ತನಾಳದಲ್ಲಿ ಕೊಬ್ಬು ಸುಮ್ಮನೆ ಬಂದು ಅಂಟಿಕೊಳ್ಳುತ್ತದೆ ಎಂಬ ಕಲ್ಪನೆ ಹಲವರಲ್ಲಿದೆ. ನಡೆಯುವುದು ಬೇರೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು ಅಪಧಮನಿಯ ಒಳಪದರದಡಿ ನುಸುಳಿ ಅಲ್ಲಿ ಕೆಡುತ್ತವೆ. ಅವನ್ನು ತೆರವುಗೊಳಿಸಲು ಬರುವ ಬಿಳಿ ರಕ್ತಕಣಗಳು ಕೊಬ್ಬನ್ನು ನುಂಗಿ ನುಂಗಿ ಉಬ್ಬಿ, ಅಲ್ಲೇ ಸಾಯುತ್ತವೆ. ಸಾಯುವ ಮುನ್ನ ಅವು ಹೊರಸೂಸುವ ರಾಸಾಯನಿಕಗಳು ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆತರುತ್ತವೆ, ಜೊತೆಗೆ ಹೀಗೆ ಬೆಳೆದ ಕೊಬ್ಬಿನ ಗಡ್ಡೆಯ ಮೇಲಿನ ನಾರಿನ ಹೊದಿಕೆಯನ್ನೂ ಸವೆಸುತ್ತವೆ. ಹೊದಿಕೆ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಹುಪಾಲು ಹೃದಯಾಘಾತಗಳು ಆಗುವುದು ಹೀಗೆಯೇ. ನಿಮ್ಮ ಕೀಲುಗಳಲ್ಲಿ ಹುಟ್ಟುವ ಉರಿಯೂತದ ರಾಸಾಯನಿಕಗಳು ರಕ್ತದ ಮೂಲಕ ಇಲ್ಲಿಗೂ ಬಂದು ಈ ಕೆಲಸಕ್ಕೆ ಕುಮ್ಮಕ್ಕು ಕೊಡುತ್ತವೆ.

ಉರಿಯೂತವೂ ಹೃದಯಾಘಾತಕ್ಕೆ ಕಾರಣ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 2017ರಲ್ಲಿ. ಒಮ್ಮೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಕ್ಯಾಂಟೋಸ್ ಅಧ್ಯಯನದಲ್ಲಿ, ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧಿಯ 150 ಮಿಲಿಗ್ರಾಂ ಪ್ರಮಾಣವು ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾಗಿ ಶೇ 15ರಷ್ಟು ಕಡಿಮೆ ಮಾಡಿತು. ಆದರೆ ಆ ಔಷಧಿ ಪಡೆದವರಲ್ಲಿ ಸೋಂಕಿನ ಸಾವುಗಳು ಹೆಚ್ಚಿದವು. ರೋಗನಿರೋಧಕ ವ್ಯವಸ್ಥೆಯನ್ನು ಅದುಮಿದರೆ ಅದಕ್ಕೂ ಬೆಲೆ ತೆರಬೇಕಾಗುತ್ತದೆ.

ಕೊಲೆಸ್ಟ್ರಾಲ್ ಕಡಿಮೆ ಇದೆ ಎಂದು ನೀವು ನಿಶ್ಚಿಂತರಾಗುವುದು ನನಗೆ ಹೆಚ್ಚು ಆತಂಕ ತರುವ ಸಂಗತಿ. ಸಂಧಿವಾತ ಉಲ್ಬಣಿಸಿದಾಗ ಉರಿಯೂತವೇ ರಕ್ತದ ಕೊಲೆಸ್ಟ್ರಾಲನ್ನು ತಗ್ಗಿಸುತ್ತದೆ. ಅಪಾಯ ಮಾತ್ರ ತಗ್ಗಿರುವುದಿಲ್ಲ. ಆದ್ದರಿಂದ ರೋಗ ಹತೋಟಿಗೆ ಬಂದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ದೇಹದ ಉರಿಯೂತವನ್ನು ಅಳೆಯುವ ಸಿಆರ್‌ಪಿ ಪರೀಕ್ಷೆಯೂ ನಿಮ್ಮ ವಿಷಯದಲ್ಲಿ ಹೆಚ್ಚು ಹೇಳಲಾರದು, ಕೀಲುಗಳ ಕಾರಣಕ್ಕೇ ಅದು ಏರಿರುತ್ತದೆ.

ನೋವು ಇಳಿಯಿತೆಂದು ಸಂಧಿವಾತದ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳುತ್ತಿರಿ. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಔಷಧಿ ಬೇಕೇ ಎಂದು ವೈದ್ಯರನ್ನು ಕೇಳಿ. ಸ್ಟೀರಾಯ್ಡ್ ಮತ್ತು ನೋವುನಿವಾರಕಗಳನ್ನು ದೀರ್ಘಕಾಲ ಸೇವಿಸುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಿ. ಅವುಗಳಲ್ಲಿ ಹಲವು ಹೃದಯದ ಅಪಾಯವನ್ನು ಹೆಚ್ಚಿಸುತ್ತವೆ.