ಮಾವನವರ ವಾದ ಮತ್ತು ಬಾಯ್ತಪ್ಪಿದ ಮಾತು

ಪ್ರಶ್ನೆ: ರಾಜಕಾರಣಿಗಳ ಬಾಯಿತಪ್ಪಿ ಬಂದದ್ದೇ ಅವರ ಮನಸ್ಸಿನ ನಿಜ ಅಂತ ನಮ್ಮ ಮಾವ ಹಟ ಹಿಡಿದಿದ್ದಾರೆ. ಹೌದೇ ಸಾರ್?
– ಓದುಗರು, ಹರಿಹರ

ಉತ್ತರ: ಮಾವನವರ ಲೆಕ್ಕ ಹಿಡಿದರೆ 2018ರ ಚುನಾವಣೆಯಲ್ಲಿ ಎರಡೂ ಪಕ್ಷದವರು ಎದುರಾಳಿಗಳಿಗೇ ಪ್ರಚಾರ ಮಾಡಿದರು ಅನ್ನಬೇಕಾಗುತ್ತೆ! ನಿಮ್ಮ ಪಕ್ಕದ ದಾವಣಗೆರೆಯಲ್ಲೇ ಆ ಮಾರ್ಚ್‌ನಲ್ಲಿ ಅಮಿತ್ ಶಾ ಪತ್ರಿಕಾಗೋಷ್ಠಿ ನಡೆಸಿ, ಭ್ರಷ್ಟಾಚಾರದ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಅಂದುಬಿಟ್ಟರು. ಹೇಳಬೇಕಿದ್ದದ್ದು ಸಿದ್ದರಾಮಯ್ಯ ಸರ್ಕಾರ. ಯಡಿಯೂರಪ್ಪನವರು ಪಕ್ಕದಲ್ಲೇ ಕೂತಿದ್ದರು, ಪಾಪ. ಪ್ರಲ್ಹಾದ ಜೋಶಿ ಎಚ್ಚರಿಸಿದ ಮೇಲೆ ಶಾ ತಿದ್ದಿಕೊಂಡರು. ಕಾಂಗ್ರೆಸ್ಸಿನವರಿಗೆ ಹಬ್ಬ. ಅದೇ ಪ್ರಚಾರದ ಬಿಸಿಯಲ್ಲಿ ಮಳವಳ್ಳಿಗೆ ಹೋದ ಸಿದ್ದರಾಮಯ್ಯ, ಊರಿಗೆ ಆದ ಕೆಲಸಗಳ ಶ್ರೇಯಸ್ಸನ್ನು ನರೇಂದ್ರ ಮೋದಿಗೆ ಕೊಟ್ಟರು! ಬಾಯಿಗೆ ಬರಬೇಕಿದ್ದ ಹೆಸರು ತಮ್ಮದೇ ಶಾಸಕ ನರೇಂದ್ರಸ್ವಾಮಿಯದು.

ಇದರಲ್ಲಿ ಮನಸ್ಸಿನ ಗುಟ್ಟೇನೂ ಇಲ್ಲ. ದಿನವಿಡೀ ಬೈಯುವ ಹೆಸರು, ಪಕ್ಕದಲ್ಲಿ ಕೂತವರ ಹೆಸರು, ಎರಡೂ ನಾಲಿಗೆ ತುದಿಯಲ್ಲೇ ಇರುತ್ತವೆ.

ಮಾವನವರಿಗೆ ಒಂದು ಮಾತ್ರ ಬಿಟ್ಟುಕೊಡುತ್ತೇನೆ. 2022ರ ಮೇನಲ್ಲಿ ಡಲ್ಲಾಸ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಪುಟಿನ್‌ರನ್ನು ಟೀಕಿಸುತ್ತಾ, ಒಬ್ಬನೇ ವ್ಯಕ್ತಿಯ ತೀರ್ಮಾನದಿಂದ ಇರಾಕ್ ಮೇಲೆ ಅನ್ಯಾಯದ, ಕ್ರೂರ ದಾಳಿ ಆಯಿತು ಅಂದರು. ತಕ್ಷಣ ಉಕ್ರೇನ್ ಅಂತ ತಿದ್ದಿ, ಮೆಲ್ಲಗೆ ‘ಇರಾಕ್ ಕೂಡ’ ಅಂತ ಗೊಣಗಿ, ನನಗೆ 75 ಅಂತ ವಯಸ್ಸಿನ ಮೇಲೆ ಹಾಕಿದರು. 2003ರಲ್ಲಿ ಇರಾಕ್‌ಗೆ ಸೇನೆ ನುಗ್ಗಿಸಿದವರು ಇದೇ ಬುಷ್. ಸಭಿಕರು ನಕ್ಕರು. ನನಗಂತೂ ನಗು ಬರಲಿಲ್ಲ.

ನಾನು ನೋಡುವುದು ತಪ್ಪಿದ ಮೇಲೆ ಏನು ಮಾಡುತ್ತಾರೆ ಅನ್ನುವುದನ್ನು. 1976ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುನ್ನ ಎದುರಾಳಿ ಕಾರ್ಟರ್ ಜೊತೆಗಿನ ಚರ್ಚೆಯಲ್ಲಿ ಅಧ್ಯಕ್ಷ ಫೋರ್ಡ್, ಪೂರ್ವ ಯುರೋಪಿನಲ್ಲಿ ಸೋವಿಯತ್ ಹಿಡಿತವೇ ಇಲ್ಲ ಅಂದರು. ಹಿಡಿತ ಇದ್ದದ್ದು ಜಗತ್ತಿಗೇ ಗೊತ್ತಿತ್ತು. ಪತ್ರಕರ್ತ ಮ್ಯಾಕ್ಸ್ ಫ್ರಾಂಕೆಲ್ ಬೆಚ್ಚಿ ಮತ್ತೆ ಕೇಳಿದರು. ತಿದ್ದಿಕೊಳ್ಳಲು ತಟ್ಟೆಯಲ್ಲಿಟ್ಟು ಕೊಟ್ಟ ಅವಕಾಶ ಅದು. ಫೋರ್ಡ್ ಯುಗೊಸ್ಲಾವಿಯಾ, ರೊಮೇನಿಯಾ, ಪೋಲೆಂಡ್ ಅಂತ ಹೆಸರು ಹಿಡಿದು ಅದನ್ನೇ ಸಾಧಿಸಿದರು. ತಪ್ಪೊಪ್ಪಿಕೊಳ್ಳಲು ದಿನಗಳೇ ಹಿಡಿದವು. ನವೆಂಬರ್‌ನಲ್ಲಿ ಸೋತರು.

ಪ್ರಶ್ನೆ: ಮೈಕ್ ಆಫ್ ಆಗಿದೆ ಅಂದುಕೊಂಡು ಆಡಿದ್ದು?
– ಅದೇ ಓದುಗರು

ಉತ್ತರ: ಅಲ್ಲಿ ಮಾವನವರು ಗೆದ್ದರು. 2010ರ ಏಪ್ರಿಲ್‌ನಲ್ಲಿ ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ರಾಚ್‌ಡೇಲ್‌ನಲ್ಲಿ ಒಬ್ಬ ಹಿರಿಯ ಮತದಾರೆಯ ಜೊತೆ ನಗುನಗುತ್ತಾ ಮಾತಾಡಿ, ಕಾರು ಹತ್ತಿದ ಮೇಲೆ ಆಕೆಯದು ಸಂಕುಚಿತ ಬುದ್ಧಿ ಅಂತ ಬೈದರು. ಟಿವಿಯವರ ಮೈಕ್ ಕೋಟಿನಲ್ಲೇ ಇತ್ತು. ರೇಡಿಯೋ ಸ್ಟುಡಿಯೋದಲ್ಲಿ ಅದನ್ನು ಅವರಿಗೇ ಕೇಳಿಸಿದಾಗ ತಲೆ ಮೇಲೆ ಕೈ ಹೊತ್ತರು. ಆಕೆಯ ಮನೆಗೇ ಹೋಗಿ ಕ್ಷಮೆ ಕೇಳಿದರು. ವಾರ ಕಳೆದು ಮತದಾನವಾಗಿ ಬ್ರೌನ್ ಅಧಿಕಾರ ಕಳೆದುಕೊಂಡರು. ರಾಚ್‌ಡೇಲ್ ಮಾತ್ರ ಅವರ ಲೇಬರ್ ಪಕ್ಷವನ್ನೇ ಗೆಲ್ಲಿಸಿತು!