ರಾಜಕಾರಣಿಗಳ ಅಂದಚೆಂದ ಅಳೆಯುವುದು ಲಿಂಗ ತಾರತಮ್ಯವೇ?

ಯಾರೋ ಚೆನ್ನಾಗಿದ್ದಾರೆ ಎಂದು ಮನಸ್ಸಿಗೆ ಅನ್ನಿಸುವುದು ತಪ್ಪಲ್ಲ. ಕೆಲಸದ ಮಾತು ಬಂದಾಗಲೂ ರೂಪವನ್ನೇ ಎಳೆದು ತಂದರೆ, ಅದೂ ಹೆಂಗಸರಿಗಷ್ಟೇ ತಂದರೆ, ಹೌದು, ತಾರತಮ್ಯವೇ.

2013ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ, ಆಗ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಆಗಿದ್ದ ಕಮಲಾ ಹ್ಯಾರಿಸ್ ಅವರ ಜಾಣತನ, ಶ್ರದ್ಧೆಯನ್ನು ಮೊದಲು ಹೊಗಳಿದರು. ಆಮೇಲೆ ‘ದೇಶದಲ್ಲೇ ಅತಿ ಚೆಂದದ ಅಟಾರ್ನಿ ಜನರಲ್’ ಎಂದರು. ಸುದ್ದಿಯಾದದ್ದು ಎರಡನೆಯದು ಮಾತ್ರ, ಕ್ಷಮೆ ಕೇಳಬೇಕಾಯಿತು. 2017ರಲ್ಲಿ ಬ್ರಿಟನ್ ಪ್ರಧಾನಿ ಥೆರೇಸಾ ಮೇ, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಭೇಟಿಯಾದಾಗ ಬ್ರಿಟನ್ನಿನ ಡೈಲಿ ಮೇಲ್ ಪತ್ರಿಕೆಯ ಮುಖಪುಟಕ್ಕೆ ಬ್ರೆಕ್ಸಿಟ್‌ಗಿಂತ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ ವಿಚಾರಕ್ಕಿಂತ) ಅವರ ಕಾಲುಗಳೇ ದೊಡ್ಡ ವಿಷಯವಾದವು! ಇಬ್ಬರೂ ಆಗ ಸರ್ಕಾರ ನಡೆಸುತ್ತಿದ್ದವರು.

ಗಂಡಸರೂ ಪೂರ್ತಿ ತಪ್ಪಿಸಿಕೊಂಡಿಲ್ಲ, ಬಿಡಿ. 2015ರಲ್ಲಿ ಕೆನಡಾದ ನಾಯಕ ಜಸ್ಟಿನ್ ಟ್ರುಡೋ ವಿರುದ್ಧ ಎದುರಾಳಿ ಪಕ್ಷದ ಜಾಹೀರಾತು ಅವರ ಕೂದಲನ್ನೇ ಅಣಕಿಸಿತ್ತು. ಅದೂ ಸಣ್ಣತನವೇ. ಆದರೆ ಹೆಂಗಸರಿಗೆ ಈ ಕಾಟ ಜಾಸ್ತಿ: ಚೆಂದ ಇದ್ದರೂ ಮಾತು, ಇಲ್ಲದಿದ್ದರೂ ಮಾತು.