ಮುಂದಿನ ಟ್ಯೂಬಿಗೆ ಮೊದಲು ಹಾಲಿನ ಮಾದರಿ ತೆಗೆಯಿರಿ

ನಾಲ್ಕು ದಿನಗಳಲ್ಲಿ ಮೂರು ಬಗೆಯ ಟ್ಯೂಬ್ (ಮೊಲೆತೊಟ್ಟಿನ ಮೂಲಕ ಕೆಚ್ಚಲಿಗೆ ಹಾಕುವ ಆಂಟಿಬಯೋಟಿಕ್) ಏರಿಸಿದರೂ ಹಸುವಿನ ಕೆಚ್ಚಲಿನ ಹಿಂದಿನ ಎಡಭಾಗದ ಬಾವು ಇಳಿದಿಲ್ಲ, ಇವುಗಳಿಗಿಂತ ‘ಸ್ಟ್ರಾಂಗ್’ ಆದದ್ದು ಯಾವುದಿದೆ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಒಮ್ಮೆ ನಾನೂ ಕೇಳಿದ್ದೆ. ಬಂದ ಸಲಹೆಗಳನ್ನೆಲ್ಲ ಪಾಲಿಸಿ ಒಳ್ಳೆಯ ಹಸುವೊಂದರ ಕೆಚ್ಚಲಿನ ಒಂದು ಭಾಗವನ್ನು ಶಾಶ್ವತವಾಗಿ ಕಳೆದುಕೊಂಡೆ. ಆದ್ದರಿಂದ ನಾನು ಔಷಧದ ಹೆಸರು ಹೇಳುವುದಿಲ್ಲ. ಹಸುವಿಗೆ ಜ್ವರವಿದ್ದರೆ, ಮೇವು ಬಿಟ್ಟಿದ್ದರೆ ಅಥವಾ ಹಾಲು ನೀರಿನಂತಾಗಿದ್ದರೆ ಈ ಉತ್ತರವನ್ನು ಓದುತ್ತ ಕೂರದೆ ಈಗಲೇ ಪಶುವೈದ್ಯರನ್ನು ಕರೆಯಿರಿ.

ನನ್ನದು ಮೂರನೇ ಸೂಲಿನ ಹಸು. ಪೆನಿಸಿಲಿನ್ ಟ್ಯೂಬಿಗೆ ಎರಡೇ ದಿನದಲ್ಲಿ ಗರಣೆ ಕಡಿಮೆಯಾಯಿತೆಂದು ನಿಲ್ಲಿಸಿದೆ, ವಾರದೊಳಗೆ ಬಾವು ಮರಳಿತು. ಬೇರೆ ಕಂಪನಿಯ ಆಂಪಿಸಿಲಿನ್ ತಂದೆ, ಬಳಿಕ ಮತ್ತೊಂದು ಕಂಪನಿಯ ಅಮಾಕ್ಸಿಸಿಲಿನ್. ಡಬ್ಬಿಯ ಬಣ್ಣ ಬದಲಾಯಿತೇ ಹೊರತು ಔಷಧದ ಕುಲ ಬದಲಾಗಲಿಲ್ಲ, ಮೂರೂ ಪೆನಿಸಿಲಿನ್ ಕುಲದವೇ. ಕೊನೆಗೆ ಎನ್ರೋಫ್ಲಾಕ್ಸಸಿನ್ ಎಂಬ ಬೇರೆ ಕುಲದ ಆಂಟಿಬಯೋಟಿಕ್ ಚುಚ್ಚುಮದ್ದನ್ನೂ ಕೊಡಿಸಿ ಮರುದಿನ ಹಾಲನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ, ‘ಬೆಳವಣಿಗೆ ಇಲ್ಲ’ ಎಂಬ ವರದಿ ಬಂತು. ಹಾಲಿನಲ್ಲಿ ಔಷಧವಿರುವಾಗ ಕಲ್ಚರ್ (ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವ ಬ್ಯಾಕ್ಟೀರಿಯಾ) ಬೆಳೆಯದಿದ್ದರೆ ಆಶ್ಚರ್ಯವೇನು? ಎಲ್ಲವನ್ನೂ ನಿಲ್ಲಿಸಿ ಎರಡು ವಾರಗಳ ನಂತರ ಕಳುಹಿಸಿದ ಮಾದರಿಯಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಬೀಟಾ-ಲ್ಯಾಕ್ಟಮೇಸ್ ಕಿಣ್ವ ತಯಾರಿಸುವ ತಳಿ. ನಾನು ಬಳಸಿದ ಮೂರೂ ಟ್ಯೂಬುಗಳನ್ನು ಆ ಒಂದೇ ಕಿಣ್ವ ಮುರಿದುಹಾಕುತ್ತದೆ. ಅದೇ ಕುಲದ ಕ್ಲಾಕ್ಸಾಸಿಲಿನ್ ಆ ಕಿಣ್ವಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ಮೆಕ್-ಎ ಎಂಬ ಪ್ರತಿರೋಧದ ಜೀನ್ ಇರುವ ತಳಿಯಾದರೆ ಅದೂ ನಿಷ್ಪ್ರಯೋಜಕ. ಹೀಗಾಗಿ ಬ್ರಾಂಡಿನ ಹೆಸರನ್ನು ಬಿಟ್ಟು ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುವ ಔಷಧದ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ‘ಔಷಧ ಹೆಚ್ಚಾಗಿ ಹಸುವಿಗೆ ಒಗ್ಗಿಹೋಗಿದೆ’ ಎಂದಿದ್ದಾರೆ. ಒಗ್ಗುವುದು ಹಸುವಿಗಲ್ಲ. ಒಂದೇ ಜಾತಿಯ ಬ್ಯಾಕ್ಟೀರಿಯಾಗಳಲ್ಲೂ ವಂಶವಾಹಿಯ ವ್ಯತ್ಯಾಸಗಳಿರುತ್ತವೆ. ಕೋಟಿಗಟ್ಟಲೆ ಕೋಶಗಳು ವಿಭಜಿಸುವಾಗ ಎಲ್ಲೋ ಒಂದರಲ್ಲಿ ತಾನಾಗಿಯೇ ರೂಪಾಂತರವಾಗುತ್ತದೆ, ಅಥವಾ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಪ್ರತಿರೋಧದ ಜೀನ್ ಪಕ್ಕದ ಕೋಶದಿಂದ ದಾಟಿ ಬರುತ್ತದೆ. ಔಷಧ ತಾಕುವ ಮೊದಲೇ ಇಂತಹ ಕೋಶಗಳು ಇರುತ್ತವೆಂಬುದನ್ನು ವಿಜ್ಞಾನಿಗಳಾದ ಲೆಡರ್‌ಬರ್ಗ್ ದಂಪತಿ 1952ರಲ್ಲೇ ತೋರಿಸಿದ್ದರು. ನಾವು ಏರಿಸುವ ಟ್ಯೂಬ್ ಉಳಿದವುಗಳನ್ನು ಕೊಂದು ಇವುಗಳಿಗೆ ಜಾಗ ಮಾಡಿಕೊಡುತ್ತದೆ. ಒಂದೇ ಪ್ಲಾಸ್ಮಿಡ್‌ನಲ್ಲಿ ಹಲವು ಔಷಧಗಳ ಪ್ರತಿರೋಧ ಒಟ್ಟಿಗೆ ಇರಬಹುದಾದ್ದರಿಂದ, ಒಂದು ಔಷಧದ ದುರ್ಬಳಕೆ ನೀವು ಮುಟ್ಟದ ಇನ್ನೊಂದನ್ನೂ ಕೆಡಿಸಬಲ್ಲದು. ಪಕ್ಕದ ಕೊಟ್ಟಿಗೆಯ ಹಸುವಿಗೆ ವಾಸಿಯಾದದ್ದು ನಿಮ್ಮದಕ್ಕೆ ವಾಸಿಯಾಗಬೇಕೆಂಬ ನಿಯಮವಿಲ್ಲದಿರುವುದೂ ಇದಕ್ಕೇ.

ಮಾದರಿ ತೆಗೆಯುವಾಗ ಮೊಲೆತೊಟ್ಟನ್ನು ಒಣಗಿಸಿ, ಮೊದಲ ನಾಲ್ಕಾರು ಧಾರೆಗಳನ್ನು ಚೆಲ್ಲಿ, ತುದಿಯನ್ನು ಶೇ. 70ರ ಆಲ್ಕೋಹಾಲ್ ಹತ್ತಿಯಿಂದ ಕೊಳೆ ಬರದಂತಾಗುವವರೆಗೆ ಉಜ್ಜಿರಿ. ಕ್ರಿಮಿರಹಿತ ಶೀಶೆಯನ್ನು ಓರೆಯಾಗಿ ಹಿಡಿದು ಎರಡು-ಮೂರು ಧಾರೆ ಹಿಡಿಯಿರಿ, ಮುಚ್ಚಳದ ಒಳಭಾಗವನ್ನು ಮುಟ್ಟಬೇಡಿ, ಮಂಜುಗಡ್ಡೆಯ ಜೊತೆ ಕಳುಹಿಸಿ. ಈಗಾಗಲೇ ಔಷಧ ಕೊಟ್ಟಿರುವುದರಿಂದ ಎಷ್ಟು ದಿನ ಕಾಯಬೇಕೆಂದು ವೈದ್ಯರನ್ನೇ ಕೇಳಿ, ಕೊಟ್ಟ ಎಲ್ಲ ಔಷಧಗಳ ಹೆಸರನ್ನು ಚೀಟಿಯಲ್ಲಿ ಬರೆಯಿರಿ. ಸ್ಟ್ಯಾಫ್ ಆರಿಯಸ್ ಹಾಲಿನಲ್ಲಿ ದಿನವೂ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಒಂದು ‘ಇಲ್ಲ’ ವರದಿಯನ್ನು ನಂಬಿ ಕೂರಬೇಡಿ. ವರದಿಯಲ್ಲಿ ‘ಸೆನ್ಸಿಟಿವ್’ (ಔಷಧಕ್ಕೆ ಬಗ್ಗುತ್ತದೆ) ಎಂದಿದ್ದರೂ ವಾಸಿಯಾಗುವ ಭರವಸೆಯಿಲ್ಲ: ಈ ಬ್ಯಾಕ್ಟೀರಿಯಾ ಕೆಚ್ಚಲಿನ ಜೀವಕೋಶಗಳೊಳಗೆ ಮತ್ತು ಗಂಟುಕಟ್ಟಿದ ಊತಕದಲ್ಲಿ ಅಡಗುತ್ತದೆ, ಅಲ್ಲಿಗೆ ತಟ್ಟೆಯಲ್ಲಿ ಗೆದ್ದ ಔಷಧ ಸಾಕಷ್ಟು ತಲುಪದು.

ವರದಿ ಬರುವವರೆಗೆ ಈ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹಿಂಡಿ, ಹಿಂಡಿದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವವರೆಗೆ ಮಲಗದಿರಲೆಂದು ಮೇವು ಹಾಕಿ. ಟ್ಯೂಬ್ ಏರಿಸಿದ ಹಾಲನ್ನು ಕರುವಿಗೆ ಕುಡಿಸುತ್ತಿರುವುದಾಗಿ ಬರೆದಿದ್ದೀರಿ, ಅದನ್ನು ಇಂದೇ ನಿಲ್ಲಿಸಿ. ಔಷಧದ ಶೇಷವಿರುವ ಆ ಹಾಲು ಕರುವಿನ ಕರುಳಿನಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾಗಳನ್ನೇ ಬೆಳೆಸುತ್ತದೆ, ಅವು ಸಗಣಿಯೊಂದಿಗೆ ಇಡೀ ಕೊಟ್ಟಿಗೆಗೆ ಹರಡುತ್ತವೆ.